ಎಳೆಯಬೇಡಿ, ಎತ್ತಿ: ನಿಂತು ಓಡಿಸುವ ಜೆಟ್ ಸ್ಕೀಯ ತಳದ ಬಗ್ಗೆ

ಮಾನ್ಯ ಸಂಪಾದಕರೇ,

ನೀರಿನ ಮೇಲೆ ಓಡುವ ಕ್ರೀಡಾವಾಹನಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುವವನು. ಎಂಜಿನ್ನಿನ ಸಾಮರ್ಥ್ಯವೆಷ್ಟು, ವೇಗವೆಷ್ಟು, ಲೈಫ್ ಜಾಕೆಟ್ ಏಕೆ ಬೇಕು ಎಂಬುದೆಲ್ಲ ಅವುಗಳಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಸವಾರಿ ಮುಗಿದ ಮೇಲೆ ಆ ವಾಹನವನ್ನು ನೀರಿನಿಂದ ದಡಕ್ಕೆ ಹೇಗೆ ತರಬೇಕು, ತಂದ ಮೇಲೆ ಎಲ್ಲಿ ಇಡಬೇಕು, ಅದರ ತಳವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಮಾತು ಒಂದು ಸಾಲಿನಲ್ಲಾದರೂ ಬಂದದ್ದನ್ನು ನಾನು ಕಂಡಿಲ್ಲ. ನಿಂತು ಓಡಿಸುವ ಜೆಟ್ ಸ್ಕೀಯೊಂದನ್ನು ಹಲವು ವರ್ಷಗಳಿಂದ ಇಟ್ಟುಕೊಂಡಿರುವ, ಅದರ ತಳವನ್ನು ಒಮ್ಮೆ ಕೈಯಾರೆ ಹಾಳುಮಾಡಿಕೊಂಡು ಮತ್ತೆ ಕೈಯಾರೆ ಸರಿಪಡಿಸಿಕೊಂಡ ಓದುಗನಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ತಳಕ್ಕೆ ಬೀಳುವ ಗೀರುಗಳಲ್ಲಿ ಬಹುಪಾಲು ವಾಹನವನ್ನು ನೀರಿಗಿಳಿಸುವ ಮತ್ತು ಮೇಲೆ ತರುವ ಹತ್ತು ನಿಮಿಷಗಳಲ್ಲಿ ಬೀಳುತ್ತವೆ. ಆದ್ದರಿಂದ ಬಾಟಲಿಯಲ್ಲಿ ಸಿಗುವ ಲೇಪನಗಳ ಮಾತು ಎತ್ತುವ ಮೊದಲು ನಾವು ತಿದ್ದಿಕೊಳ್ಳಬೇಕಾದದ್ದು ದಡದ ಮೇಲಿನ ನಮ್ಮ ಅಭ್ಯಾಸವನ್ನು.

ಈ ಮಾತು ಹಿಂದಿಗಿಂತ ಇಂದು ಹೆಚ್ಚು ಅಗತ್ಯವಾಗಿದೆ. ಜೆಟ್ ಸ್ಕೀ ಎಂಬುದು ಕಾವಾಸಾಕಿ ಸಂಸ್ಥೆಯ ವ್ಯಾಪಾರಚಿಹ್ನೆ. 1973ರಲ್ಲಿ ಆ ಸಂಸ್ಥೆ ಮಾರಾಟಕ್ಕೆ ತಂದ ಪುಟ್ಟ ವಾಹನದಲ್ಲಿ ಕೂರಲು ಆಸನವೇ ಇರಲಿಲ್ಲ, ಸವಾರ ಹಿಂದಿನ ತೊಟ್ಟಿಯಂತಹ ಜಾಗದಲ್ಲಿ ನಿಂತು, ಮೇಲೆ ಕೆಳಗೆ ಆಡುವ ಹ್ಯಾಂಡಲ್ ಕಂಬವನ್ನು ಹಿಡಿದುಕೊಳ್ಳಬೇಕಿತ್ತು. ಆ ಬಗೆಯ ವಾಹನಗಳು ಬಹುಕಾಲ ಹಗುರವಾಗಿಯೇ ಉಳಿದವು. ಯಮಾಹಾದ ಎರಡು ಸ್ಟ್ರೋಕಿನ ಸೂಪರ್‌ಜೆಟ್ ಸುಮಾರು 140 ಕೆ.ಜಿ. ತೂಗುತ್ತಿತ್ತು, ಗಟ್ಟಿಮುಟ್ಟಾದ ಇಬ್ಬರು ಮುಂದೊಬ್ಬ ಹಿಂದೊಬ್ಬ ಹಿಡಿದರೆ ಅದನ್ನು ನಾಲ್ಕು ಹೆಜ್ಜೆ ಎತ್ತಿ ಒಯ್ಯಬಹುದಿತ್ತು. 2021ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ ಬಂದ ಮೇಲೆ ಅದೇ ಹೆಸರಿನ ವಾಹನದ ತೂಕ ಸುಮಾರು 170 ಕೆ.ಜಿ.ಗೆ ಏರಿತು. ಕಾವಾಸಾಕಿ 2017ರಲ್ಲಿ ತಂದ 1,498 ಸಿಸಿಯ ಎಸ್‌ಎಕ್ಸ್-ಆರ್ ಅಂತೂ ಸುಮಾರು 250 ಕೆ.ಜಿ. ಇದೆ. ಎತ್ತಲು ಆಗದ್ದನ್ನು ಜನ ಎಳೆಯುತ್ತಾರೆ. ಎಳೆದಷ್ಟೂ ಆ ಭಾರವೆಲ್ಲ ನೆಲಕ್ಕೆ ತಾಗಿದ ಅಂಗೈಯಗಲದ ಜಾಗದ ಮೇಲೆ ಬಿದ್ದು ಅಲ್ಲಿ ಉಜ್ಜುತ್ತದೆ.

ತಳ ಯಾವುದರಿಂದ ಆಗಿದೆ ಎಂಬುದನ್ನು ತಿಳಿದರೆ ಗೀರಿನ ಗಂಭೀರತೆಯೂ ತಿಳಿಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಅನೇಕ ಮಾದರಿಗಳ ತಳ ಎಸ್‌ಎಂಸಿ ಎಂಬ ವಸ್ತುವಿನದು. ಪಾಲಿಯೆಸ್ಟರ್ ರಾಳ, ತುಂಡರಿಸಿದ ಗಾಜಿನ ನಾರು ಮತ್ತು ಸುಣ್ಣದಕಲ್ಲಿನ ಪುಡಿಯಂತಹ ತುಂಬುವಸ್ತು, ಈ ಮೂರನ್ನೂ ಹಾಳೆಯಾಗಿಸಿ ಬಿಸಿ ಅಚ್ಚಿನಲ್ಲಿ ಒತ್ತಿ ಅದನ್ನು ಮಾಡುತ್ತಾರೆ, ಮೇಲೆ ಬಣ್ಣ ಬಳಿಯುತ್ತಾರೆ. ಕೈಯಿಂದ ಪದರ ಪದರವಾಗಿ ಹಾಸಿದ ಫೈಬರ್‌ಗ್ಲಾಸ್ ತಳಗಳಿಗೆ ಹೊರಗಡೆ ಜೆಲ್‌ಕೋಟ್ ಎಂಬ ಬಣ್ಣದ ರಾಳದ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಬಣ್ಣದ ಪದರ ಅದಕ್ಕಿಂತಲೂ ತೆಳು. ಗೀರು ಈ ಮೇಲ್ಪದರದೊಳಗೇ ನಿಂತರೆ ಅದು ನೋಟಕ್ಕಷ್ಟೇ ಕೇಡು. ಪದರವನ್ನು ಸೀಳಿ ನಾರಿನವರೆಗೆ ಇಳಿದರೆ ನೀರು ನಾರಿನ ಜಾಡು ಹಿಡಿದು ಒಳಗೆ ಹೋಗುತ್ತದೆ, ಪದರಗಳು ನಿಧಾನವಾಗಿ ಸಡಿಲುತ್ತವೆ, ಜೆಲ್‌ಕೋಟಿನ ಕೆಳಗೆ ಬೊಬ್ಬೆಗಳು ಏಳಬಹುದು. ವಾಹನ ಮುಳುಗದಿರಲೆಂದು ಒಳಗೆ ತುಂಬಿರುವ ಫೋಮಿಗೆ ನೀರು ಸೇರಿಕೊಂಡರಂತೂ ಅದನ್ನು ಹೊರಗೆ ತೆಗೆಯುವುದು ಬಹಳ ಕಷ್ಟ. ವಾಹನದ ತೂಕ ಏರುತ್ತದೆ, ಆದರೆ ಹೊರಗಿನಿಂದ ನೋಡಿದವರಿಗೆ ಕಾರಣ ಕಾಣುವುದಿಲ್ಲ.

ನನ್ನ ತಪ್ಪನ್ನು ಇಲ್ಲಿ ಹೇಳಲೇಬೇಕು. ವಾಹನ ಕೊಂಡ ಮೊದಲ ವರ್ಷ ನಾನೂ ನನ್ನ ಗೆಳೆಯನೂ ಸೇರಿ ಅದರ ಮೂತಿಯನ್ನು ಮೇಲಕ್ಕೆತ್ತಿ, ಹಿಂಭಾಗವನ್ನು ಮರಳಿನ ಮೇಲೆ ಎಳೆದುಕೊಂಡು ದಡ ಸೇರಿಸುತ್ತಿದ್ದೆವು. ಮರಳು ಮೆತ್ತಗಿದೆ, ಏನೂ ಆಗುವುದಿಲ್ಲ ಎಂದು ನಂಬಿದ್ದೆವು. ಆ ಹಂಗಾಮು ಮುಗಿದ ಮೇಲೆ ಒಂದು ದಿನ ವಾಹನವನ್ನು ಚಾಪೆಯ ಮೇಲೆ ಪಕ್ಕಕ್ಕೆ ಒರಗಿಸಿ ತೊಳೆಯುವಾಗ ತಳದ ಹಿಂದಿನ ಎರಡು ಮೂಲೆಗಳು ಬೆಳ್ಳಗೆ ಸವೆದಿರುವುದು ಕಂಡಿತು. ಒರೆಸುವ ಬಟ್ಟೆ ಅಲ್ಲಿ ತಡೆದು ನಿಂತಿತು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳು ಅದಕ್ಕೆ ಅಂಟಿಕೊಂಡು ಮಿನುಗುತ್ತಿದ್ದವು. ಬೆರಳಿಗೂ ಒಂದು ಚುಚ್ಚಿಕೊಂಡಿತು. ಬಂಡೆಗೆ ಒಮ್ಮೆಯೂ ತಾಗಿಸದ ವಾಹನದ ನಾರು ಬರಿಯ ಮರಳಿನಿಂದ ಹೊರಬಿದ್ದಿತ್ತು.

ಮರಳು ಮೆತ್ತಗಿರುವುದು ಕಾಲಿಗೆ ಮಾತ್ರ. ಒಂದೊಂದು ಕಣವಾಗಿ ನೋಡಿದರೆ ಬಹಳಷ್ಟು ಕಡೆಯ ಮರಳು ಬೆಣಚುಕಲ್ಲಿನ ಪುಡಿಯೇ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಕಿಟಕಿಯ ಗಾಜು ಸುಮಾರು ಐದೂವರೆಯಲ್ಲಿ ನಿಲ್ಲುತ್ತದೆ. ಗಾಜನ್ನೇ ಗೀರಬಲ್ಲ ಕಣ ರಾಳವನ್ನೂ ಬಣ್ಣವನ್ನೂ ಬಿಡುವುದುಂಟೇ? ಚಿಪ್ಪು ಮತ್ತು ಹವಳ ಪುಡಿಯಾಗಿ ಆದ ಮರಳು ಇಷ್ಟು ಗಡಸಲ್ಲ, ನಿಜ. ಆದರೆ ಅದರಲ್ಲಿ ಮುರಿದ ಚಿಪ್ಪಿನ ಚೂಪಾದ ಅಂಚುಗಳಿರುತ್ತವೆ, ಆ ಅಂಚುಗಳೇ ಉದ್ದುದ್ದ ಗೀರು ಎಳೆಯುತ್ತವೆ. ಇನ್ನು ವಾಹನ ಇಳಿಸಲು ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ, ಚಕ್ರ ಜಾರದಿರಲೆಂದು ಬೇಕೆಂದೇ ಗೆರೆ ಕೊರೆದು ಒರಟು ಮಾಡಿರುತ್ತಾರೆ. ಸಮುದ್ರದ ನೀರು ತಾಗುವ ಕಡೆ ಅದರ ಮೇಲೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಜೀವಿಗಳೂ ಅಂಟಿಕೊಂಡಿರುತ್ತವೆ. ಅಲ್ಲಿ ತಳ ಒಂದು ಸಲ ತಾಗಿದರೂ ಸಾಕು.

ದಡಕ್ಕೆ ಬರುವ ಬಗೆಯಿಂದಲೇ ಜೋಪಾನ ಶುರುವಾಗಬೇಕು. ಎಂಜಿನ್ ಓಡುತ್ತಿರುವಾಗಲೇ ಮೂತಿಯನ್ನು ಮರಳಿಗೆ ನುಗ್ಗಿಸಿ ನಿಲ್ಲಿಸುವುದನ್ನು ಕೆಲವರು ಚಮತ್ಕಾರವೆಂದು ಮಾಡಿ ತೋರಿಸುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ವಾಹನಕ್ಕೆ ಹೊರಗೆ ತಿರುಗುವ ರೆಕ್ಕೆಯಿಲ್ಲ. ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಎಳೆದುಕೊಂಡು, ಒಳಗಿನ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅದನ್ನು ಹಿಂದಕ್ಕೆ ರಭಸದಿಂದ ದೂಡುತ್ತದೆ. ನೀರು ಆಳವಿಲ್ಲದ ಕಡೆ ಆ ಸೆಳೆತಕ್ಕೆ ಮರಳೂ ಹರಳೂ ಮೇಲೆದ್ದು ಒಳಗೆ ಹೋಗುತ್ತವೆ, ಇಂಪೆಲ್ಲರಿನ ಅಂಚನ್ನೂ ಅದರ ಸುತ್ತಲಿನ ಬಳೆಯನ್ನೂ ಕಚ್ಚುತ್ತವೆ. ತಯಾರಕರ ಕೈಪಿಡಿಗಳು ತಳದ ಕೆಳಗೆ ಕನಿಷ್ಠ 60 ಸೆಂ.ಮೀ., ಕೆಲವು 90 ಸೆಂ.ಮೀ. ನೀರಿರಬೇಕು ಎನ್ನುವುದು ಈ ಕಾರಣಕ್ಕೆ. ಅಷ್ಟು ಆಳವಿರುವಾಗಲೇ ಎಂಜಿನ್ ಆರಿಸಬೇಕು, ಸವಾರ ಬಿದ್ದರೆ ಎಂಜಿನ್ ಆರಿಸುವ ಮಣಿಕಟ್ಟಿನ ಹುರಿಯನ್ನು ಕಳಚಿಕೊಳ್ಳಬೇಕು, ಇಳಿದು ವಾಹನದ ಪಕ್ಕದಲ್ಲಿ ನಡೆದು ಬರಬೇಕು. ಸವಾರ ಇಳಿದೊಡನೆ ಹಿಂಭಾಗ ಒಂದಿಷ್ಟು ಮೇಲೇಳುತ್ತದೆ, ಹಾಗಾಗಿ ಇನ್ನೂ ಕೆಲವು ಹೆಜ್ಜೆ ಅದನ್ನು ತೇಲಿಸಿಕೊಂಡೇ ತರಬಹುದು. ಅಲೆಗಳಿದ್ದರೆ ದಡದ ಅಂಚಿನಲ್ಲಿ ಅದನ್ನು ಬಿಟ್ಟು ಹೋಗಬಾರದು. ಪ್ರತಿ ಅಲೆಯೂ ವಾಹನವನ್ನು ಎತ್ತಿ ಎತ್ತಿ ಮರಳಿಗೆ ಕುಕ್ಕುತ್ತದೆ, ಅರ್ಧ ಗಂಟೆಯ ಈ ಕುಕ್ಕಾಟ ಹತ್ತು ಸಲ ಎಳೆದದ್ದಕ್ಕೆ ಸಮ.

ನೀರಿನಿಂದ ಆಚೆ ಒಯ್ಯಲು ನನ್ನ ಅನುಭವದಲ್ಲಿ ಅಗಲ ಟೈರಿನ ಕೈಗಾಡಿಗಿಂತ ಒಳ್ಳೆಯದು ಬೇರೊಂದಿಲ್ಲ. ಉಬ್ಬಿದ, ಕಡಿಮೆ ಗಾಳಿಯ ದಪ್ಪ ಟೈರುಗಳು ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಗಾಡಿಯನ್ನು ನೀರಿನೊಳಕ್ಕೇ ಒಯ್ದು, ವಾಹನ ಇನ್ನೂ ತೇಲುತ್ತಿರುವಾಗಲೇ ಅದರ ಕೆಳಗೆ ಸರಿಸಬೇಕು. ದಡದ ಮೇಲಿಟ್ಟ ಗಾಡಿಗೆ ವಾಹನವನ್ನು ಹತ್ತಿಸಲು ಹೋದರೆ ಗಾಡಿಯಿದ್ದೂ ಪ್ರಯೋಜನವಿಲ್ಲ. ಟೈರಿನ ಗಾಳಿಯಿಂದಾಗಿ ಗಾಡಿ ತಾನೇ ತೇಲಲು ನೋಡುತ್ತದೆ. ಒಬ್ಬರು ಅದನ್ನು ಕಾಲಿನಿಂದ ಅದುಮಿ ಹಿಡಿಯಬೇಕು, ಇನ್ನೊಬ್ಬರು ಮೂತಿಯನ್ನು ನೇರ ಮಾಡಿ ಒಳಕ್ಕೆ ಬಿಡಬೇಕು. ಎರಡು ಸಲ ಮಾಡಿದರೆ ಕೈ ಕುದುರುತ್ತದೆ. ಗಾಡಿಯಿಲ್ಲದವರು ಒಂದು ದಪ್ಪ ರಬ್ಬರ್ ಹಾಸನ್ನೋ ನೀರು ಹೀರದ, ಮುಚ್ಚಿದ ರಂಧ್ರಗಳ ಫೋಮ್ ಹಾಸನ್ನೋ ಜೊತೆಗಿಟ್ಟುಕೊಳ್ಳಲಿ. ಹಾಸನ್ನು ಹಾಕುವ ಮೊದಲು ಎರಡು ಬದಿಯನ್ನೂ ನೀರಿನಲ್ಲಿ ಜಾಲಾಡಿಸಬೇಕು, ಮರಳು ಕೂತ ಹಾಸು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ. ಸೊಂಟದ ಮಾತೂ ಇದರಲ್ಲಿದೆ: 170 ಕೆ.ಜಿ.ಗಿಂತ ಮೇಲಿನದನ್ನು ಇಬ್ಬರು ಎತ್ತುವ ಸಾಹಸಕ್ಕೆ ಹೋಗುವುದು ಬೇಡ, ನಾಲ್ಕು ಜನ ಸಿಗುವವರೆಗೆ ವಾಹನ ನೀರಿನಲ್ಲೇ ಇರಲಿ.

ತಳ ನೋಡಲೆಂದೋ ತೊಳೆಯಲೆಂದೋ ವಾಹನವನ್ನು ಪಕ್ಕಕ್ಕೆ ಒರಗಿಸುವಾಗ ಎರಡು ಎಚ್ಚರಿಕೆ ಬೇಕು. ಯಾವ ಬದಿಗೆ ಒರಗಿಸಬಹುದು ಎಂಬುದನ್ನು ಕೈಪಿಡಿ ಹೇಳಿರುತ್ತದೆ. ತಪ್ಪಾದ ಬದಿಗೆ ಒರಗಿಸಿದರೆ ಹೊಗೆಕೊಳವೆಯಲ್ಲಿ ನಿಂತ ನೀರು ಎಂಜಿನ್ನಿಗೆ ಇಳಿಯಬಹುದು. ಒರಗುವ ಪಕ್ಕದ ಕೆಳಗೆ ಮೆತ್ತನೆಯ ಹಾಸು ಇರಲೇಬೇಕು. ತಳವನ್ನು ಕಾಪಾಡಲು ಹೋಗಿ ಪಕ್ಕವನ್ನು ಗೀಚಿಕೊಂಡವರನ್ನು ನಾನು ಕಂಡಿದ್ದೇನೆ.

ದಡ ದಾಟಿದ ಮೇಲೆ ಟ್ರೇಲರಿನ ಸರದಿ. ಟ್ರೇಲರಿನ ಮೇಲೆ ಕೂತ ವಾಹನಕ್ಕೆ ಇನ್ನೇನು ಗೀರು ಬೀಳುತ್ತದೆ ಎಂದುಕೊಳ್ಳುವುದು ಸಹಜ, ಆದರೆ ರಸ್ತೆಯ ಅದುರಾಟ ಸಣ್ಣದಲ್ಲ. ವಾಹನ ಕೂರುವ ಉದ್ದನೆಯ ಮರದ ಪಟ್ಟಿಗಳಿಗೆ, ಅಂದರೆ ಬಂಕುಗಳಿಗೆ, ಸಾಮಾನ್ಯವಾಗಿ ಕಾರ್ಪೆಟ್ ಹೊದಿಸಿರುತ್ತಾರೆ. ಆ ಕಾರ್ಪೆಟ್ಟಿನ ಎಳೆಗಳ ನಡುವೆ ಪ್ರತಿ ಸವಾರಿಯ ಮರಳು ಸೇರುತ್ತಾ ಹೋಗುತ್ತದೆ. ಒಣಗಿದ ಕಾರ್ಪೆಟ್ಟನ್ನು ಒಮ್ಮೆ ಅಂಗೈಯಿಂದ ತಟ್ಟಿ ನೋಡಿ, ಎಷ್ಟು ಮರಳು ಚಿಮ್ಮುತ್ತದೆ ಎಂಬುದೇ ಸಾಕ್ಷಿ. ವಾಹನ ಹತ್ತಿಸುವ ಮೊದಲು ಬಂಕುಗಳನ್ನು ನೀರು ಚಿಮ್ಮಿಸಿ ತೊಳೆಯಬೇಕು, ಕಾರ್ಪೆಟ್ ಸವೆದು ಬೋಳಾದರೆ ಹೊಸದನ್ನು ಹಾಕಬೇಕು. ಕಾರ್ಪೆಟ್ಟನ್ನು ಹಿಡಿದಿರುವ ಮೊಳೆ, ಸ್ಟೇಪಲ್‌ಗಳು ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು ಮತ್ತು ಪಟ್ಟಿಯ ಮೇಲ್ಮೈಯಲ್ಲಿರದೆ ಪಕ್ಕದಲ್ಲೋ ಕೆಳಗೋ ಇರಬೇಕು. ನಾನು ಟ್ರೇಲರ್ ಕೊಂಡ ಕಡೆ ಸ್ಟೇಪಲ್‌ಗಳನ್ನು ಮೇಲ್ಗಡೆಯೇ ಹೊಡೆದು ಕೊಟ್ಟಿದ್ದರು. ಕಾರ್ಪೆಟ್ ತೆಳುವಾದಂತೆ ಅವುಗಳ ಬೆನ್ನು ಮೇಲೆದ್ದು ತಳದುದ್ದಕ್ಕೂ ಎರಡು ಸಮಾನಾಂತರ ಗೆರೆಗಳನ್ನು ಎಳೆದುಬಿಟ್ಟವು, ಆ ಗೆರೆಗಳ ಮೂಲ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಕಾರ್ಪೆಟ್ಟಿಗೆ ಬದಲಾಗಿ ನುಣುಪಾದ ಪಾಲಿಎಥಿಲೀನ್ ಪಟ್ಟಿಗಳನ್ನು ಹಾಕಿಸಿದರೆ ಮರಳು ನಿಲ್ಲದೆ ತೊಳೆದುಹೋಗುತ್ತದೆ. ಆದರೆ ಅವು ಎಷ್ಟು ಜಾರುತ್ತವೆ ಎಂದರೆ ಇಳಿಜಾರಿನಲ್ಲಿ ಮೂತಿಯ ಕೊಕ್ಕೆ ಬಿಚ್ಚಿದೊಡನೆ ವಾಹನ ತಾನಾಗಿ ಕಾಂಕ್ರೀಟಿಗೆ ಇಳಿದುಬಿಡಬಹುದು. ನೀರಿಗೆ ಹೋಗುವವರೆಗೂ ಕೊಕ್ಕೆ ಬಿಚ್ಚಬಾರದು.

ಬಿಗಿಪಟ್ಟಿಗಳದ್ದೂ ಇದೇ ಕಥೆ. ಪಟ್ಟಿ ವಾಹನದ ಅಂಚಿಗೆ ತಾಗುವ ಕಡೆ ಮೆತ್ತನೆಯ ಬಟ್ಟೆಯ ತೋಳು ಹಾಕಬೇಕು, ಲೋಹದ ಬಕಲ್ ಎಲ್ಲೂ ಮೈಗೆ ತಾಗಬಾರದು. ಉದ್ದಕ್ಕೆ ಚಾಚಿದ ಪಟ್ಟಿಗೆ ಒಂದು ಸುತ್ತು ತಿರುವು ಕೊಟ್ಟು ಕಟ್ಟಿದರೆ ಗಾಳಿಗೆ ಅದು ಪಟಪಟನೆ ಅದುರುವುದು ನಿಲ್ಲುತ್ತದೆ. ಅದುರುವ ಪಟ್ಟಿಯ ಕೆಳಗೆ ಧೂಳು ಸೇರಿದರೆ ನೂರು ಕಿಲೋಮೀಟರಿನ ಪ್ರಯಾಣದಲ್ಲಿ ಅಲ್ಲಿನ ಹೊಳಪು ಮಂಕಾಗುತ್ತದೆ. ಹೊದಿಕೆ ಹಾಕುವ ಮೊದಲು ವಾಹನವನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು ಎಂಬುದಕ್ಕೂ ಕಾರಣ ಬೇರೆಯಲ್ಲ.

ಇನ್ನು ಲೇಪನಗಳು. ಈ ವಿಷಯದಲ್ಲಿ ಜಾಹೀರಾತುಗಳು ಓದುಗರ ದಾರಿ ತಪ್ಪಿಸುತ್ತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೆರಾಮಿಕ್ ಲೇಪನದ ಬಾಟಲಿಯ ಮೇಲೆ 9ಎಚ್ ಗಡಸುತನ ಎಂದು ಬರೆದಿರುತ್ತದೆ. ಅದನ್ನು ಓದಿದವರು ವಜ್ರಕ್ಕೆ 10 ಅಂಕ ಕೊಡುವ ಮೋಸ್ ಮಾಪನದ 9 ಎಂದು ತಿಳಿದು, ಇನ್ನು ಮರಳಿಗೆ ಹೆದರಬೇಕಾಗಿಲ್ಲ ಎಂದುಕೊಳ್ಳುತ್ತಾರೆ. ಆ 9ಎಚ್ ಪೆನ್ಸಿಲ್ಲಿನ ಗಡಸುತನ. ಬೇರೆ ಬೇರೆ ಗಡಸುತನದ ಪೆನ್ಸಿಲ್‌ಗಳನ್ನು ಲೇಪನದ ಮೇಲೆ ಒತ್ತಿ ಎಳೆದು, ಯಾವುದು ಗೀರುತ್ತದೆ, ಯಾವುದು ಗೀರುವುದಿಲ್ಲ ಎಂದು ನೋಡುವ ಪರೀಕ್ಷೆ ಅದು. ಪೆನ್ಸಿಲ್ಲಿನ ಕಡ್ಡಿಯೋ ಗ್ರಾಫೈಟ್ ಮತ್ತು ಜೇಡಿಮಣ್ಣಿನದು. ಅತ್ಯಂತ ಗಟ್ಟಿಯಾದ ಪೆನ್ಸಿಲ್ಲಿಗೆ ಜಗ್ಗದ ಲೇಪನ ಬೆಣಚುಕಲ್ಲಿನ ಕಣಕ್ಕೆ ಜಗ್ಗುವುದಿಲ್ಲ ಎಂದು ಇದರಿಂದ ಹೇಳಲು ಬರುವುದಿಲ್ಲ. ಲೇಪನದಿಂದ ಪ್ರಯೋಜನವಿಲ್ಲ ಎನ್ನುತ್ತಿಲ್ಲ. ನೀರು ಮಣಿಮಣಿಯಾಗಿ ಉರುಳಿಹೋಗುತ್ತದೆ, ಪಾಚಿಯ ಜಿಡ್ಡೂ ಉಪ್ಪಿನ ಕಲೆಯೂ ಸುಲಭವಾಗಿ ಬಿಡುತ್ತವೆ, ಬಿಸಿಲಿಗೆ ಬಣ್ಣ ಮಾಸುವುದು ತಡವಾಗುತ್ತದೆ. ಒಳ್ಳೆಯ ಮೇಣವೂ ಕಡಿಮೆ ಕಾಲ ಬಾಳಿದರೂ ಇದೇ ಕೆಲಸ ಮಾಡುತ್ತದೆ. ನುಣುಪಾದ ಮೈಯ ಮೇಲೆ ಸಣ್ಣ ಉಜ್ಜಾಟ ಜಾರಿಹೋಗುವುದೂ ಉಂಟು. ಆದರೆ ಇವೆಲ್ಲ ತೊಳೆಯುವ ಶ್ರಮ ತಗ್ಗಿಸುವ ಲೇಪನಗಳು. ಇವನ್ನು ನಂಬಿ ವಾಹನವನ್ನು ಮರಳಿನ ಮೇಲೆ ಎಳೆದರೆ ಹಣವೂ ಹೋಯಿತು, ತಳವೂ ಹೋಯಿತು.

ನಿಜವಾಗಿ ಅಡ್ಡ ನಿಲ್ಲುವುದು ದಪ್ಪವಿರುವ, ತಾನೇ ಬಾಗಿ ಪೆಟ್ಟನ್ನು ನುಂಗುವ ವಸ್ತು. ಪಾಲಿಯುರೆಥೇನ್ ಹಾಳೆ ಅಂಥದು. ಹೆಲಿಕಾಪ್ಟರಿನ ರೆಕ್ಕೆಗಳ ಮುಂಚೂಣಿ ಅಂಚನ್ನು ಮರಳು ಕೊರೆಯದಿರಲೆಂದು ಬಳಸುವ ಪಾರದರ್ಶಕ ಪಟ್ಟಿಯೂ, ಕಾರುಗಳ ಬಣ್ಣ ಕಾಪಾಡಲು ಅಂಟಿಸುವ ಹಾಳೆಯೂ ಅದೇ ಜಾತಿಯವು. ಸುಮಾರು 0.2 ಮಿ.ಮೀ. ದಪ್ಪದ ಈ ಹಾಳೆ ವಾಹನದ ಪಕ್ಕಗಳಿಗೂ, ಸವಾರನ ಮೊಣಕಾಲು ಮತ್ತು ಬೂಟು ತಾಗುವ ಜಾಗಗಳಿಗೂ ಚೆನ್ನಾಗಿ ಒಪ್ಪುತ್ತದೆ. ಮೂತಿಯ ನಡುಗೆರೆಗೆ, ಅಂದರೆ ಕೀಲ್ ಎನ್ನುವ ಭಾಗಕ್ಕೆ, ಇನ್ನೂ ದಪ್ಪನಾದ ಕೀಲ್ ಗಾರ್ಡ್ ಪಟ್ಟಿಗಳು ಸಿಗುತ್ತವೆ. ಅವುಗಳ ಬಗ್ಗೆ ನನ್ನದು ಸ್ವಲ್ಪ ಎಚ್ಚರಿಕೆಯ ನಿಲುವು. ದೊಡ್ಡ ದೋಣಿಗೆ ಹೊಂದುವ ಪಟ್ಟಿ ಈ ಪುಟ್ಟ ತಳಕ್ಕೆ ಹೊಂದುತ್ತದೆ ಎನ್ನಲಾಗದು. ಪಟ್ಟಿ ಮೂತಿಯ ಬಳಿಯೇ ಮುಗಿಯಬೇಕು. ನೀರು ಎಳೆದುಕೊಳ್ಳುವ ಜಾಲರಿಯ ಮುಂದೆ ಏನನ್ನೂ ಅಂಟಿಸಬಾರದು. ಅಲ್ಲಿ ಒಂದು ಅಂಚು ಎದ್ದುನಿಂತರೂ ನೀರಿನ ಹರಿವು ಒಡೆದು, ಗಾಳಿಯ ಗುಳ್ಳೆ ಪಂಪಿಗೆ ಸೇರಿ, ಇಂಪೆಲ್ಲರ್ ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತದೆ. ಎಂಜಿನ್ ಕೂಗುತ್ತದೆ, ವಾಹನ ಮುಂದಕ್ಕೆ ಹೋಗುವುದಿಲ್ಲ.

ಅಂಟಿಸುವ ಕೆಲಸದಲ್ಲಿ ಆತುರ ಸಲ್ಲದು. ನಾನು ಮೊದಲ ಸಲ ಮೇಣ ಹಚ್ಚಿ ಹೊಳಪು ಬರಿಸಿದ ತಳದ ಮೇಲೆ ಹಾಳೆ ಅಂಟಿಸಿದೆ. ಮೊದಲ ಸವಾರಿಯಲ್ಲೇ ಅದರ ಮುಂದಿನ ತುದಿ ನಾಲಿಗೆಯಂತೆ ಬಿಚ್ಚಿಕೊಂಡು ಬಡಿಯತೊಡಗಿತು. ಅಂಟು ಹಿಡಿದದ್ದು ಮೇಣವನ್ನು, ತಳವನ್ನಲ್ಲ. ಆದ್ದರಿಂದ ಹಾಳೆ ಮೊದಲು, ಮೇಣ ಆಮೇಲೆ. ಮೈಯನ್ನು ಸೋಪಿನ ನೀರಿನಿಂದ ತೊಳೆದು, ಹಳೆಯ ಮೇಣವನ್ನು ಪೂರ್ತಿ ತೆಗೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಹಾಳೆಯ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಬೇಕು. ನೀರು ಮೊದಲು ಹಿಡಿದು ಎಬ್ಬಿಸುವುದೇ ಚೂಪು ಮೂಲೆಯನ್ನು. ತ್ರೀಎಂ ಸಂಸ್ಥೆಯ ವಿಎಚ್‌ಬಿಯಂತಹ ಅಕ್ರಿಲಿಕ್ ಅಂಟುಪಟ್ಟಿ ಇರುವ ಗಾರ್ಡ್ ಆದರೆ, ಸಾಮಾನ್ಯ ಕೋಣೆಯ ಬಿಸುಪಿನಲ್ಲಿ ಅದು ತನ್ನ ಪೂರ್ಣ ಬಲಕ್ಕೆ ಬರಲು 72 ಗಂಟೆ ಬೇಕು. ಸಂಜೆ ಅಂಟಿಸಿ ಬೆಳಿಗ್ಗೆ ನೀರಿಗಿಳಿಸಿದವರೇ ಅಂಟು ಸರಿಯಿಲ್ಲ ಎಂದು ದೂರುವುದು ಹೆಚ್ಚು.

ಎಲ್ಲ ಗೀರೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಓದಿದವರು ಪ್ರತಿ ಕೂದಲೆಳೆಯ ಗೆರೆಗೂ ಕಂಗಾಲಾದಾರು. ಪಕ್ಕದ ಮೇಲಿನ ಸಣ್ಣ ಗೆರೆಗಳಿಂದ ವಾಹನದ ಓಟಕ್ಕೆ ಏನೂ ಆಗುವುದಿಲ್ಲ. ಗಮನ ಬೇಕಾದದ್ದು ಎರಡು ಜಾಗಗಳಲ್ಲಿ. ಒಂದು ಆಗಲೇ ಹೇಳಿದ, ಜಾಲರಿಯ ಮುಂದಿನ ಜಾಗ. ಇನ್ನೊಂದು ತಳದ ಹಿಂದಿನ ಅಂಚು. ವೇಗ ಹಿಡಿದ ವಾಹನ ನೀರಿನ ಮೇಲಕ್ಕೆದ್ದು ತಳದ ಹಿಂಭಾಗದ ಮೇಲಷ್ಟೇ ಜಾರುತ್ತಿರುತ್ತದೆ. ಅಲ್ಲಿಂದ ನೀರು ಒಮ್ಮೆಲೇ ಕಳಚಿಕೊಳ್ಳಬೇಕಾದರೆ ಅಂಚು ಚೂಪಾಗಿರಬೇಕು. ಸವೆದು ದುಂಡಗಾದ ಅಂಚಿಗೆ ನೀರು ಅಂಟಿಕೊಂಡು ಮೇಲಕ್ಕೆ ಹತ್ತುತ್ತದೆ, ವಾಹನವನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ. ಮೂತಿ ಎತ್ತಿ ಎಳೆಯುವವರು ಸವೆಸುವುದು ಸರಿಯಾಗಿ ಇದೇ ಅಂಚನ್ನು ಎಂಬುದು ನನಗೆ ತಿಳಿದದ್ದು ನನ್ನ ವಾಹನ ಸವೆದ ಮೇಲೆ.

ದುರಸ್ತಿಗೆ ಮುನ್ನ ಉಗುರಿನ ಪರೀಕ್ಷೆ ಮಾಡಿ. ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆದಾಗ ಅದು ಎಲ್ಲೂ ತಡೆಯದೆ ದಾಟಿದರೆ ಹೊಳಪು ಬರಿಸುವ ಪೇಸ್ಟೇ ಸಾಕು. ಉಗುರು ಕೊಂಚ ತಡೆದರೆ, ಜೆಲ್‌ಕೋಟಿನ ಮೇಲೆ 1000, 1500, 2000 ಸಂಖ್ಯೆಯ ಉಪ್ಪುಕಾಗದಗಳಿಂದ ನೀರು ಹಾಕುತ್ತಾ ಉಜ್ಜಿ, ಆಮೇಲೆ ಪೇಸ್ಟ್ ಹಿಡಿಸಬಹುದು. ಬಣ್ಣ ಬಳಿದ ತಳವಾದರೆ ಪದರ ತೆಳುವಾದ್ದರಿಂದ ಕಾಗದಕ್ಕೆ ಕೈಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಉಗುರು ಸಿಕ್ಕಿಕೊಂಡು ನಿಂತರೆ, ಒಳಗೆ ಬೇರೆ ಬಣ್ಣವೋ ನಾರೋ ಕಂಡರೆ, ಅದನ್ನು ತುಂಬಲೇಬೇಕು. ಆದರೆ ಅದಕ್ಕೂ ಮೊದಲು ಒಣಗಿಸಬೇಕು, ಸಮುದ್ರದ ನೀರು ಕುಡಿದ ಗೀರಾದರೆ ಸಿಹಿನೀರಿನಿಂದ ಉಪ್ಪನ್ನು ತೊಳೆದು ಮತ್ತೆ ದಿನಗಟ್ಟಲೆ ಒಣಗಿಸಬೇಕು. ತೇವವನ್ನು ಒಳಗಿಟ್ಟು ಮುಚ್ಚಿದ ದುರಸ್ತಿ ಮುಚ್ಚದೆ ಬಿಟ್ಟದ್ದಕ್ಕಿಂತ ಕೆಟ್ಟದು.

ಯಾವುದರಿಂದ ತುಂಬಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಜೆಲ್‌ಕೋಟ್ ತಳಕ್ಕೆ ಜೆಲ್‌ಕೋಟ್ ಪೇಸ್ಟೇ ಸರಿ. ಅದು ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ, ಹಾಗಾಗಿ ಹಚ್ಚಿದೊಡನೆ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಗುಳ್ಳೆಯಿಲ್ಲದಂತೆ ಒತ್ತಬೇಕು. ಎಸ್‌ಎಂಸಿ ತಳದ ಮಾತು ಬೇರೆ. ಅಚ್ಚಿಗೆ ಅಂಟದಿರಲೆಂದು ಆ ವಸ್ತುವಿನೊಳಗೇ ಜಾರುವ ಪದಾರ್ಥವೊಂದನ್ನು ಬೆರೆಸಿರುತ್ತಾರೆ. ಅದು ದುರಸ್ತಿಯ ಅಂಟಿಗೂ ಹಗೆ. ಅಲ್ಲಿ ಒರಟಾದ ಕಾಗದದಿಂದ ಚೆನ್ನಾಗಿ ಉಜ್ಜಿ ಹೊಸ ಮೈ ಬರಿಸಿ, ಪಾಲಿಯೆಸ್ಟರ್ ರಾಳ ಬಿಟ್ಟು ಎಪಾಕ್ಸಿ ರಾಳ ಬಳಸಿದರೆ ಹಿಡಿತ ನಿಲ್ಲುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಕೆಲವೊಮ್ಮೆ ಮೇಣದಂತಹ ತೆಳು ಜಿಡ್ಡು ಏಳುತ್ತದೆ, ಅದನ್ನು ನೀರಿನಿಂದ ತೊಳೆದುಕೊಂಡೇ ಬಣ್ಣಕ್ಕೆ ಹೋಗಬೇಕು. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ತಳವುಳ್ಳ ವಾಹನಗಳಿಗೆ ಈ ರಾಳಗಳಾವುವೂ ಅಂಟುವುದಿಲ್ಲ. ಅವಕ್ಕೆ ಪ್ಲಾಸ್ಟಿಕ್ ಬೆಸುಗೆಯೇ ದಾರಿ. ಒಣಗಿದ ಫೈಬರ್ ಉಜ್ಜುವಾಗ ಮುಖಕ್ಕೆ ರೆಸ್ಪಿರೇಟರ್, ಪಾಲಿಯೆಸ್ಟರಿನ ಪೆರಾಕ್ಸೈಡ್ ಗಟ್ಟಿಕಾರಕ ಬೆರೆಸುವಾಗ ಕಣ್ಣಿಗೆ ಕನ್ನಡಕ, ಇವೆರಡನ್ನು ಮರೆಯಬಾರದು. ಆ ದ್ರವದ ಒಂದು ಹನಿ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು.

ಜೇಡರ ಬಲೆಯ ಹಾಗೆ ಒಂದು ಬಿಂದುವಿನಿಂದ ಸುತ್ತಲೂ ಹರಡಿದ ಸಣ್ಣ ಬಿರುಕುಗಳು ಕಂಡರೆ ಅವನ್ನು ಗೀರೆಂದು ತಿಳಿದು ಪೇಸ್ಟ್ ಸವರಬೇಡಿ. ಅದು ಪೆಟ್ಟಿನ ಗುರುತು. ಸುತ್ತಲೂ ಒಂದು ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಮಂಕಾಗಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ. ಅಂಥದನ್ನು ತಿಳಿದವರ ಕೈಗೇ ಕೊಡಬೇಕು, ಅಲ್ಲಿಯವರೆಗೆ ವಾಹನವನ್ನು ನೀರಿಗಿಳಿಸಬಾರದು.

ನನ್ನ ಕೋರಿಕೆ ಮೂವರಲ್ಲಿದೆ. ವಾಹನ ಮಾರುವವರು ಲೇಪನದ ಬಾಟಲಿಯನ್ನು ಮುಂದಿಡುವ ಮೊದಲು ಕೈಗಾಡಿಯನ್ನು ತೋರಿಸಲಿ, ಮೂತಿಯನ್ನೂ ಹಿಂಭಾಗವನ್ನೂ ಎಲ್ಲಿ ಹಿಡಿಯಬೇಕು ಎಂಬುದನ್ನು ಕೊಳ್ಳುವವರ ಕೈ ಹಿಡಿದು ಕಲಿಸಲಿ. ವಾಹನ ಇಳಿಸುವ ಜಾಗಗಳನ್ನು ನಡೆಸುವವರು ಇಳಿಜಾರಿನ ಪಕ್ಕದಲ್ಲಿ ನೀರಿನೊಳಕ್ಕೆ ಚಾಚಿದ ಒಂದು ರಬ್ಬರ್ ಹಾಸನ್ನೂ, ಮರಳು ತೊಳೆಯಲು ಒಂದು ಸಿಹಿನೀರಿನ ನಳವನ್ನೂ ಒದಗಿಸಲಿ. ತಮ್ಮ ಪತ್ರಿಕೆಯಲ್ಲಿ ಇಂತಹ ವಾಹನವೊಂದರ ವಿಮರ್ಶೆ ಮುಂದೆ ಬಂದಾಗ ಎಂಜಿನ್ನಿನ ಸಿಸಿ ಎಷ್ಟೆಂಬ ಸಾಲಿನ ಪಕ್ಕದಲ್ಲೇ, ಅದರ ತಳ ಎಸ್‌ಎಂಸಿಯದೋ ಜೆಲ್‌ಕೋಟ್ ಬಳಿದ ಫೈಬರಿನದೋ ಬೇರೆ ಪ್ಲಾಸ್ಟಿಕ್ಕಿನದೋ, ಅದನ್ನು ಎತ್ತಲು ಎಷ್ಟು ಜನ ಬೇಕು, ತಳದ ಹಿಂದಿನ ಮೂಲೆಗಳಿಗೆ ತಯಾರಕರು ಏನಾದರೂ ಕಾಪು ಕೊಟ್ಟಿದ್ದಾರೆಯೇ ಎಂಬುದನ್ನೂ ಬರೆಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸದ ಓದುಗ